ಬರಿಗಾಲ ಓಟಗಾರರ ಬೆನ್ನಿಗೆ ನಿಂತ ಸಾಹುಕಾರ

ಭಾಗಮಂಡಲ: ಮಡಿಕೇರಿಯಲ್ಲಿ ಬಸ್ಸು ಹತ್ತಿ, ಭಾಗಮಂಡಲ ದಾಟಿ, ತಲಕಾವೇರಿಯಲ್ಲಿ ಇಳಿಯುವ ಪ್ರಯಾಣಿಕನಿಗೆ ಆ ದಾರಿ ಎಷ್ಟು ದೂರ ಅಂತ ಯಾರೂ ಹೇಳಬೇಕಿಲ್ಲ, ಸೊಂಟವೇ ಹೇಳುತ್ತದೆ. ಒಂದು ತಿರುವು ಕಳೆದರೆ ಇನ್ನೊಂದು ತಿರುವು, ಒಂದು ಏರು ಹತ್ತಿದರೆ ಇನ್ನೊಂದು ಏರು. ಹೆಚ್ಚೂಕಮ್ಮಿ ಅಷ್ಟೇ ದೂರವನ್ನು, ಲೆಕ್ಕ ಹಾಕಿ ಹೇಳುವುದಾದರೆ 42.75 ಕಿಲೋಮೀಟರನ್ನು, ಬೆಳಗಾವಿಯ ಒಬ್ಬ ಯುವಕ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಓಡಿ ಮುಗಿಸಿದ್ದ. ಊರು ಬೆಲ್ಜಿಯಂ ದೇಶದ ಆಂಟ್‌ವರ್ಪ್. ದಿನ 1920ರ ಆಗಸ್ಟ್ 22. ಓಟಗಾರನ ಹೆಸರು ಫಡೆಪ್ಪ ದರೆಪ್ಪ ಚೌಗುಲೆ.

ನಮ್ಮ ಕಡೆಯ ಅಳತೆಯಲ್ಲೇ ನೋಡೋಣ. ಭಾಗಮಂಡಲದಿಂದ ತಲಕಾವೇರಿಗೆ 8 ಕಿಲೋಮೀಟರು. ಹೋಗಿ ಬಂದು, ಮತ್ತೆ ಹೋಗಿ ಬಂದು, ಮತ್ತೊಮ್ಮೆ ಹತ್ತಿದರೆ 40 ಆಯಿತು. ಅದರ ಮೇಲೆ ಇನ್ನೂ ಎರಡೂ ಮುಕ್ಕಾಲು ಕಿಲೋಮೀಟರು ಬಾಕಿ. ಆಂಟ್‌ವರ್ಪಿನಲ್ಲಿ ನಮ್ಮ ಬ್ರಹ್ಮಗಿರಿಯಂಥ ಏರು ಇರಲಿಲ್ಲ, ನಿಜ. ಆದರೂ ಕಿಲೋಮೀಟರಿಗೆ ನಾಲ್ಕೇ ನಿಮಿಷದ ಲೆಕ್ಕದಲ್ಲಿ ಅಷ್ಟೂ ದೂರ ಕಾಲು ಕಿತ್ತಿಡುವುದೆಂದರೆ ಹುಡುಗಾಟವಲ್ಲ.

ಆ ಯುವಕನಿಗೆ ಕಾಲಿತ್ತು, ಎದೆಯಲ್ಲಿ ಉಸಿರಿತ್ತು. ಆದರೆ ಬೆಳಗಾವಿಯಿಂದ ಬೆಲ್ಜಿಯಂಗೆ ಕಾಲಿನ ಬಲದ ಮೇಲೆ ಹೋಗಲಾದೀತೆ? ಹಡಗಿನ ಚಾರ್ಜು ಬೇಕು, ಊಟ ಬೇಕು, ತರಬೇತಿ ಬೇಕು. ಇವನನ್ನು ಕಳಿಸಿದರೆ ದೇಶಕ್ಕೆ ಮಾನ ಅಂತ ದೊರೆಗಳ ಎದುರು ನಿಂತು ಹೇಳುವವರೊಬ್ಬರು ಬೇಕು. ಹಾಗೆ ನಿಂತವರು ಸರ್ ದೊರಾಬ್ಜಿ ಟಾಟಾ.

ಟಾಟಾ ಎಂದರೆ ಕೊಡಗಿನವರಿಗೆ ಪಾಲಿಬೆಟ್ಟದ ಕಾಫಿ ತೋಟ ನೆನಪಾಗುತ್ತದೆ. ಅಂಗಡಿಯವರಿಗೆ ಉಪ್ಪು, ಚಹಾ, ರಸ್ತೆಯಲ್ಲಿ ಲಾರಿ. ಅವೆಲ್ಲ ದೊರಾಬ್ಜಿ ಕಾಲವಾದ ಎಷ್ಟೋ ವರ್ಷಗಳ ನಂತರ ಬಂದವು. ದೇಶಕ್ಕೆ ಒಲಿಂಪಿಕ್ಸಿನ ದಾರಿ ತೋರಿಸಿದ್ದು ಇದೇ ಮನೆತನದ ಒಬ್ಬ ಸಾಹುಕಾರ ಎನ್ನುವ ಸಂಗತಿ ಮಾತ್ರ ಬಸ್‌ಸ್ಟ್ಯಾಂಡಿನ ಮಾತುಕತೆಯಲ್ಲಿ ಕೇಳಿಬರುವುದು ಕಡಿಮೆ.

ಮೈಸೂರು ಸೀಮೆಯ ಅಳಿಯ

ದೊರಾಬ್ಜಿ ಹುಟ್ಟಿದ್ದು 1859ರ ಆಗಸ್ಟ್ 27ರಂದು, ಮುಂಬಯಿಯಲ್ಲಿ. ತಂದೆ ಜಮ್‌ಶೇಟ್‌ಜಿ ಟಾಟಾ, ಹತ್ತಿ ಗಿರಣಿಯ ಧಣಿ. ಮಗ ಓದಲು ಇಂಗ್ಲೆಂಡಿಗೆ ಹೋದ. 1877ರಿಂದ ಎರಡು ವರ್ಷ ಕೇಂಬ್ರಿಡ್ಜಿನಲ್ಲಿದ್ದಾಗ ಪುಸ್ತಕಕ್ಕಿಂತ ಮೈದಾನದಲ್ಲೇ ಹೆಚ್ಚು ಮಿಂಚಿದ ಅಂದರೆ ತಪ್ಪಾಗದು. ಕ್ರಿಕೆಟ್ಟು, ಫುಟ್‌ಬಾಲು, ಟೆನಿಸು, ದೋಣಿ ಹುಟ್ಟು ಹಾಕುವುದು, ಕುದುರೆ ಸವಾರಿ, ಯಾವುದನ್ನೂ ಬಿಡಲಿಲ್ಲ. ಊರಿಗೆ ಮರಳಿ ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ 1882ರಲ್ಲಿ ಪದವಿ ಪಡೆದ. ಆಮೇಲೆ ಎರಡು ವರ್ಷ ಬಾಂಬೆ ಗೆಝೆಟ್ ಪತ್ರಿಕೆಯಲ್ಲಿ ವರದಿಗಾರಿಕೆ! ಕೋಟ್ಯಧೀಶನ ಮಗ ಪತ್ರಿಕಾ ಕಚೇರಿಯ ಕುರ್ಚಿಯಲ್ಲಿ ಕೂತಿದ್ದ ಎಂದರೆ ಇಂದಿಗೂ ಅನೇಕರು ನಂಬಲಿಕ್ಕಿಲ್ಲ. ಬಳಿಕ ತಂದೆಯ ವ್ಯವಹಾರಕ್ಕೆ ಇಳಿದು ನಾಗಪುರದ ಗಿರಣಿಯಲ್ಲಿ ಪಳಗಿದರು.

ಅವರ ಮದುವೆಯ ಕಥೆಗೆ ಕನ್ನಡನಾಡಿನ ನಂಟಿದೆ. ಮೈಸೂರು ಸಂಸ್ಥಾನದಲ್ಲಿ ಹೊರ್ಮಸ್‌ಜಿ ಭಾಭಾ ಎಂಬ ಪಾರ್ಸಿ ಮಹನೀಯರು ವಿದ್ಯಾ ಇಲಾಖೆಯ ದೊಡ್ಡ ಅಧಿಕಾರಿಯಾಗಿದ್ದರು. ಜಮ್‌ಶೇಟ್‌ಜಿ ಮೈಸೂರು ಕಡೆಗೆ ಬಂದಾಗ ಈ ಕುಟುಂಬದ ಪರಿಚಯವಾಯಿತು. ಹೋಗಿ ಒಮ್ಮೆ ಅವರನ್ನು ಕಂಡು ಬಾ ಅಂತ ಮಗನಿಗೆ ಹೇಳಿದರು. ಅಪ್ಪನ ಲೆಕ್ಕಾಚಾರ ಏನಿತ್ತೋ, ಮಗ ಹೋದ, ಆ ಮನೆಯ ಮಗಳು ಮೆಹರ್‌ಬಾಯಿಯನ್ನು ಮೆಚ್ಚಿದ. 1898ರಲ್ಲಿ ಲಗ್ನವಾಯಿತು. ಗಂಡಿಗೆ ಆಗಲೇ 38 ವರ್ಷ. ಬೆಂಗಳೂರಿನಲ್ಲಿ ಬೆಳೆದ ಮೆಹರ್‌ಬಾಯಿಯೂ ಆಟದಲ್ಲಿ ಗಂಡನಿಗೆ ಸರಿಸಾಟಿ. ಸೀರೆಯುಟ್ಟೇ ಟೆನಿಸ್ ಅಂಗಳಕ್ಕಿಳಿದು ಬಹುಮಾನಗಳ ರಾಶಿ ಗೆದ್ದಾಕೆ. ಅಣುವಿಜ್ಞಾನಿ ಹೋಮಿ ಭಾಭಾ ಈಕೆಯ ಅಣ್ಣನ ಮಗ.

ಅಪ್ಪ ಬಿಟ್ಟುಹೋದ ಕೆಲಸ

1904ರಲ್ಲಿ ಜಮ್‌ಶೇಟ್‌ಜಿ ತೀರಿಕೊಂಡರು. ಕಬ್ಬಿಣದ ಕಾರ್ಖಾನೆ, ನೀರಿನಿಂದ ವಿದ್ಯುತ್ತು, ವಿಜ್ಞಾನದ ವಿದ್ಯಾಪೀಠ, ಮೂರೂ ಅವರ ಕನಸಾಗಿಯೇ ಉಳಿದಿದ್ದವು. ಮೂರನ್ನೂ ದೊರಾಬ್ಜಿ ಹೆಗಲಿಗೆ ಹಾಕಿಕೊಂಡರು. ಅದಿರು ಹುಡುಕುತ್ತ ಕಾಡುಮೇಡು ಅಲೆದರು. 1907ರಲ್ಲಿ ಉಕ್ಕಿನ ಕಂಪೆನಿ ಶುರುವಾಯಿತು, 1912ರಲ್ಲಿ ಮೊದಲ ಉಕ್ಕು ಹೊರಬಂತು. ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಜಾಗದಲ್ಲಿ ವಿಜ್ಞಾನ ಸಂಸ್ಥೆ ತಲೆಯೆತ್ತಿತು. ಅದನ್ನು ಬೆಂಗಳೂರಿನವರು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುತ್ತಾರೆ. 1910ರಲ್ಲಿ ಸರ್ಕಾರ ದೊರಾಬ್ಜಿಗೆ ಸರ್ ಪದವಿ ಕೊಟ್ಟಿತು.

ಇಲ್ಲೊಂದು ವಿಷಯ ಗಮನಿಸಬೇಕು. ಉಕ್ಕಿನ ಊರು ಹೇಗಿರಬೇಕು ಅಂತ ಜಮ್‌ಶೇಟ್‌ಜಿ 1902ರಲ್ಲೇ ಮಗನಿಗೆ ಕಾಗದ ಬರೆದಿದ್ದರು. ಬೀದಿ ಅಗಲವಾಗಿರಲಿ, ನೆರಳಿನ ಮರ ನೆಡು ಅಂದವರು, ಫುಟ್‌ಬಾಲ್ ಹಾಕಿಗೆಂದು ಸಾಕಷ್ಟು ಬಯಲನ್ನೂ ಬಿಡು ಎಂದಿದ್ದರು. ಇನ್ನೂ ಜಾಗವೇ ಗೊತ್ತಾಗದ ಊರಿಗೆ ಆಟದ ಬಯಲು ಮೊದಲೇ ಗೊತ್ತಾಗಿತ್ತು! ಜೆಮ್‌ಶೆಡ್‌ಪುರ ಆ ಕಾಗದದಂತೆಯೇ ಬೆಳೆಯಿತು.

ಪೂನಾದ ರಸ್ತೆ ಓಟ

ಪೂನಾದಲ್ಲಿ 1906ರಿಂದ ಡೆಕ್ಕನ್ ಜಿಮ್‌ಖಾನಾ ಎಂಬ ಕ್ರೀಡಾ ಸಂಘವಿತ್ತು. ಅದಕ್ಕೆ ದೊರಾಬ್ಜಿ ಅಧ್ಯಕ್ಷರು. 1919ರಲ್ಲಿ ಸಂಘದ ಕ್ರೀಡಾಕೂಟ ನಡೆಯಿತು. ಅಧ್ಯಕ್ಷರು ಅಂದಮೇಲೆ ಹಾರ ಹಾಕಿಸಿಕೊಂಡು, ಬಹುಮಾನ ಹಂಚಿ, ಮೋಟಾರು ಹತ್ತಿ ಹೊರಟುಬಿಡಬಹುದಿತ್ತು. ಬಹುತೇಕ ಅಧ್ಯಕ್ಷರು ಮಾಡುವುದು ಅದನ್ನೇ. ದೊರಾಬ್ಜಿ ಹಾಗೆ ಮಾಡಲಿಲ್ಲ, ಕೂತು ನೋಡಿದರು.

ಓಡುತ್ತಿದ್ದವರು ಯಾರು? ಹೊಲಗದ್ದೆಯಲ್ಲಿ ದುಡಿಯುವ ರೈತಾಪಿ ಹುಡುಗರು. ಬಡವರ ಊಟ ಉಂಡವರು. ಕಾಲಿಗೆ ಬೂಟಿಲ್ಲ, ಹೇಳಿಕೊಡುವ ಗುರುವಿಲ್ಲ, ವಿಲಾಯಿತಿ ನಿಯಮಗಳ ಗಂಧಗಾಳಿಯಿಲ್ಲ. ಗಟ್ಟಿ ರಸ್ತೆಯ ಮೇಲೆ ಬರಿಗಾಲಲ್ಲಿ ಮೈಲುಗಟ್ಟಲೆ ಓಡುತ್ತಿದ್ದರು. ಅವರು ತೆಗೆದುಕೊಂಡ ಹೊತ್ತನ್ನು ಯುರೋಪಿನ ಓಟಗಾರರ ಹೊತ್ತಿನ ಪಕ್ಕ ಇಟ್ಟು ನೋಡಿದರೆ ನಾಚಿಕೆಪಡುವಂಥದ್ದೇನೂ ಇರಲಿಲ್ಲ. ಕೇಂಬ್ರಿಡ್ಜಿನಲ್ಲಿ ಆಟ ಆಡಿ ಬಂದ ಕಣ್ಣಿಗೆ ಅದು ಥಟ್ಟನೆ ಹೊಳೆಯಿತು. ಬೇರೆಯವರ ಕಣ್ಣಿಗೆ ಅದೊಂದು ಜಾತ್ರೆಯ ಓಟವಾಗಿದ್ದಿರಬಹುದು. ದೊರಾಬ್ಜಿಯವರ ಕಣ್ಣಿಗೆ ಅದು ಒಲಿಂಪಿಕ್ಸಿನ ಓಟವಾಗಿ ಕಂಡಿತು.

ಆಗ ಮುಂಬಯಿ ಪ್ರಾಂತ್ಯದ ಗವರ್ನರ್ ಸರ್ ಜಾರ್ಜ್ ಲಾಯ್ಡ್. ಈ ಓಟಗಾರರನ್ನು ಆಂಟ್‌ವರ್ಪಿಗೆ ಕಳಿಸಬೇಕು, ಖರ್ಚಿಗೆ ನಾನಿದ್ದೇನೆ ಎಂದು ದೊರಾಬ್ಜಿ ಅವರ ಮುಂದೆ ಪ್ರಸ್ತಾಪವಿಟ್ಟರು. ಗವರ್ನರ್ ಕೈಜೋಡಿಸಿದರು. ಭಾರತಕ್ಕೆ ಒಲಿಂಪಿಕ್ಸಿನಲ್ಲಿ ತಂಡ ಕಳಿಸುವ ಅನುಮತಿ ಸಿಕ್ಕಿತು.

ಆ ಕಾಲದಲ್ಲಿ ನಮ್ಮವರಿಗೆ ಇದರ ತಿಳಿವಳಿಕೆ ಎಷ್ಟಿತ್ತು ಎನ್ನುವುದಕ್ಕೆ ಕ್ರೀಡಾ ಚರಿತ್ರೆಯಲ್ಲಿ ಒಂದು ಕಥೆ ಉಳಿದಿದೆ. ಒಲಿಂಪಿಕ್ಸಿಗೆ ಹೋಗಲು ನೂರು ಮೀಟರನ್ನು ಎಷ್ಟು ಹೊತ್ತಿನಲ್ಲಿ ಓಡಬೇಕಾದೀತು ಅಂತ ಸಮಿತಿಯ ಸಭೆಯಲ್ಲಿ ಪ್ರಶ್ನೆ ಬಂತು. ಹಿರಿಯ ಸದಸ್ಯರೊಬ್ಬರು ಒಂದೆರಡು ನಿಮಿಷ ಸಾಕಾಗಬಹುದು ಎಂದರಂತೆ. ಇಲ್ಲಿ ನಿಮಿಷದ ಲೆಕ್ಕವೇ ಇಲ್ಲ, ಸೆಕೆಂಡು, ಸೆಕೆಂಡಿನಲ್ಲೂ ಹತ್ತನೇ ಒಂದು ಭಾಗದ ಲೆಕ್ಕ ಅಂತ ಕೇಳಿ ಕಕ್ಕಾಬಿಕ್ಕಿಯಾದರಂತೆ. ಇಂಥ ಸ್ಥಿತಿಯಿಂದ ಶುರುವಾಯಿತು ನಮ್ಮ ಒಲಿಂಪಿಕ್ಸ್ ಯಾತ್ರೆ.

ಆರು ಜನ, ಅವರಲ್ಲಿ ಇಬ್ಬರು ಈ ಕಡೆಯವರು

ಆಯ್ಕೆಯ ಪಂದ್ಯ ನಡೆದು ಆರು ಮಂದಿ ಆರಿಸಿ ಬಂದರು. ಬಂಗಾಳದ ಪೂರ್ಮ ಬ್ಯಾನರ್ಜಿ, ಸಾತಾರಾದ ದಾತಾರ್, ಬೆಳಗಾವಿಯ ಚೌಗುಲೆ, ಹುಬ್ಬಳ್ಳಿಯ ಕೈಕಾಡಿ, ಕುಸ್ತಿಗೆ ನವಲೆ ಮತ್ತು ಕೊಲ್ಹಾಪುರದ ಶಿಂಧೆ. ಇಡೀ ಹಿಂದೂಸ್ತಾನದಿಂದ ಹೊರಟ ಆರು ಜನರಲ್ಲಿ ಇಬ್ಬರು ಇಂದಿನ ಕರ್ನಾಟಕದ ಊರುಗಳವರು! ಅಂದು ಕರ್ನಾಟಕ ಎಂಬ ರಾಜ್ಯವೇ ನಕ್ಷೆಯಲ್ಲಿ ಇರಲಿಲ್ಲ. ಬೆಳಗಾವಿ, ಹುಬ್ಬಳ್ಳಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಕೊಡಗು ಚೀಫ್ ಕಮಿಷನರ್ ಆಡಳಿತದಲ್ಲಿ ಬೇರೆಯೇ ಇತ್ತು. ಎಲ್ಲ ಒಂದಾಗಿದ್ದು 1956ರಲ್ಲಿ. ಹಾಗಾಗಿಯೋ ಏನೋ, ಚೌಗುಲೆ, ಕೈಕಾಡಿ ನಮ್ಮವರು ಅಂತ ಎದೆ ತಟ್ಟಿ ಹೇಳುವುದು ನಮಗೆ ಮರೆತೇಹೋಯಿತು.

ಸರ್ಕಾರ ಸ್ವಲ್ಪ ಕೊಟ್ಟಿತು, ಸಾರ್ವಜನಿಕರಿಂದ ಒಂದಿಷ್ಟು ಬಂತು. ಕೊರತೆ ಬಿದ್ದಲ್ಲಿ ದೊರಾಬ್ಜಿಯವರ ಕೈ ಮುಂದಿತ್ತು. 1920ರ ಜೂನ್‌ನಲ್ಲಿ ಮುಂಬಯಿಯಿಂದ ಹಡಗು ಹೊರಟಿತು. ಮೊದಲು ಲಂಡನ್ನಿನಲ್ಲಿ ಕೆಲವು ವಾರ ತರಬೇತಿ, ಅಲ್ಲಿಂದ ಆಂಟ್‌ವರ್ಪು.

ಹತ್ತೊಂಬತ್ತನೇ ಸ್ಥಾನ

ಮೊದಲ ಮಹಾಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಯುದ್ಧದಲ್ಲಿ ನುಜ್ಜುಗುಜ್ಜಾಗಿದ್ದ ಬೆಲ್ಜಿಯಂ ಹೇಗೋ ಸಾವರಿಸಿಕೊಂಡು ಕೂಟ ನಡೆಸಿತು. ಮ್ಯಾರಥಾನಿಗೆ ಆಗಿನ್ನೂ ಎಲ್ಲ ಕಡೆ ಒಂದೇ ಅಳತೆ ಇರಲಿಲ್ಲ. ಇವತ್ತಿನ 42.195 ಕಿಲೋಮೀಟರು ಒಲಿಂಪಿಕ್ಸಿನಲ್ಲಿ ಖಾಯಂ ಆದದ್ದು 1924ರಿಂದ. ಆಂಟ್‌ವರ್ಪಿನವರು 42.75 ಓಡಿಸಿದರು. ಒಲಿಂಪಿಕ್ಸ್ ಚರಿತ್ರೆಯಲ್ಲೇ ಅತಿ ಉದ್ದದ ಮ್ಯಾರಥಾನು ಅದು.

ಮಳೆಯ ಹವೆ. ಫಿನ್‌ಲೆಂಡಿನ ಹನ್ನೆಸ್ ಕೊಲೆಮೈನೆನ್ 2 ಗಂಟೆ 32 ನಿಮಿಷ 35 ಸೆಕೆಂಡು ಚಿಲ್ಲರೆಯಲ್ಲಿ ಬಂದು ಚಿನ್ನ ಗೆದ್ದ. ಎಸ್ಟೋನಿಯಾದ ಲಾಸ್‌ಮನ್ ಬರೀ 13 ಸೆಕೆಂಡು ಹಿಂದೆ. ಅವರಿಗಿಂತ ಸುಮಾರು 18 ನಿಮಿಷ ಹಿಂದೆ, ಹತ್ತೊಂಬತ್ತನೆಯವನಾಗಿ, ಚೌಗುಲೆ ಗುರಿ ಮುಟ್ಟಿದ. ಜೊತೆಗೆ ಹೊರಟ ದಾತಾರ್ ಓಟ ಮುಗಿಸಲಾಗಲಿಲ್ಲ. ಕುಸ್ತಿಯಲ್ಲಿ ಶಿಂಧೆ ಪದಕದ ಹತ್ತಿರಕ್ಕೆ ಹೋಗಿ ಬಂದರು. ಆರೂ ಜನ ಬರಿಗೈಯಲ್ಲೇ ಮರಳಿದರು.

ಹತ್ತೊಂಬತ್ತನೇ ಸ್ಥಾನ ಅಂದರೆ ಏನು ಮಹಾ ಅಂತ ಮೂಗು ಮುರಿಯುವವರು ಮುಂದಿನ ಲೆಕ್ಕ ನೋಡಬೇಕು. 1952ರ ಹೆಲ್ಸಿಂಕಿಯಲ್ಲಿ ಸೂರತ್ ಸಿಂಗ್ ಮಾಥುರ್ 52ನೆಯವರಾಗಿ ಬಂದರು. 1960ರಲ್ಲಿ ರೋಮ್, 1964ರಲ್ಲಿ ಟೋಕಿಯೋ, ನಮ್ಮವರು ಹೋಗಿ ಓಡಿ ಬಂದರೂ ಚೌಗುಲೆಯ ಸ್ಥಾನ ಅಲುಗಲಿಲ್ಲ. ಕೊನೆಗೆ 1976ರ ಮಾಂಟ್ರಿಯಲ್‌ನಲ್ಲಿ ಶಿವನಾಥ್ ಸಿಂಗ್ 11ನೆಯವರಾಗಿ ಬಂದು ಅದನ್ನು ಮೀರಿದರು. ಅಷ್ಟೊತ್ತಿಗೆ 56 ವರ್ಷ ಕಳೆದಿತ್ತು. ಈ ಶಿವನಾಥ್ ಸಿಂಗ್ ಕೂಡ ಬರಿಗಾಲ ಓಟಕ್ಕೆ ಹೆಸರಾದವರೇ. ಸೈನ್ಯ ಬಿಟ್ಟ ಮೇಲೆ ಅವರಿಗೆ ಕೆಲಸ ಸಿಕ್ಕಿದ್ದು ಎಲ್ಲಿ ಗೊತ್ತೇ? ಜೆಮ್‌ಶೆಡ್‌ಪುರದ ಟಾಟಾ ಉಕ್ಕಿನ ಕಂಪೆನಿಯಲ್ಲಿ.

ಹಾಕಿಗೂ ಅದೇ ಬಾಗಿಲು

ಪದಕ ಬರಲಿಲ್ಲ ಅಂತ ದೊರಾಬ್ಜಿ ಕೈಚೆಲ್ಲಲಿಲ್ಲ. ಅದೇ 1920ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರಾದರು. ಒಮ್ಮೆ ಕಳಿಸಿ ಸುಮ್ಮನಾದರೆ ಆಗದು, ಊರೂರಲ್ಲಿ ಸಂಘ ಕಟ್ಟಬೇಕು, ಆಯ್ಕೆಗೆ ಕ್ರಮ ಬೇಕು ಎಂದುಕೊಂಡರು. ಮದರಾಸಿನ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಕರು ದೇಶ ಸುತ್ತಿ ಪ್ರಾಂತ್ಯಗಳಲ್ಲಿ ಒಲಿಂಪಿಕ್ ಸಂಘಗಳನ್ನು ಹುಟ್ಟುಹಾಕಿದರು. 1924ರ ಫೆಬ್ರವರಿಯಲ್ಲಿ ದಿಲ್ಲಿಯಲ್ಲಿ ಆಯ್ಕೆ ಕೂಟ ನಡೆದು, ಅದೇ ವರ್ಷ ತಂಡ ಪ್ಯಾರಿಸ್‌ಗೆ ಹೋಯಿತು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಸ್ಥಾಪನೆಯಾದಾಗ ಮೊದಲ ಅಧ್ಯಕ್ಷರು ದೊರಾಬ್ಜಿಯವರೇ. ಮರುವರ್ಷ ಆ ಕುರ್ಚಿಯನ್ನು ಪಟಿಯಾಲದ ಮಹಾರಾಜರಿಗೆ ಬಿಟ್ಟುಕೊಟ್ಟರು.

1928ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಭಾರತಕ್ಕೆ ಹಾಕಿಯ ಮೊದಲ ಚಿನ್ನ ಬಂತು. ಅಲ್ಲಿಂದ ಮುಂದಿನದು ಕೊಡಗಿನ ಮನೆಮನೆಗೂ ಗೊತ್ತು. ನಮ್ಮ ಎಂ.ಪಿ. ಗಣೇಶ್ 1972ರಲ್ಲಿ ಮ್ಯೂನಿಕ್‌ನಿಂದ ಕಂಚು ತಂದರು, ಎಂ.ಎಂ. ಸೋಮಯ್ಯ 1980ರಲ್ಲಿ ಮಾಸ್ಕೋದಿಂದ ಚಿನ್ನ ತಂದರು. ಹಾಕಿ ಕೋಲು ಹಿಡಿದವರೆಲ್ಲ ದಾಟಿದ ಆ ಬಾಗಿಲನ್ನು ಮೊದಲು ತೆರೆಸಿದ್ದು ಪೂನಾದ ರಸ್ತೆಯಲ್ಲಿ ಓಡಿದ ಬರಿಗಾಲುಗಳು.

ವಜ್ರವನ್ನೇ ಒತ್ತೆಯಿಟ್ಟವರು

ದೊರಾಬ್ಜಿಯವರದು ಬರೀ ದರ್ಬಾರಿನ ಬದುಕಲ್ಲ. ಮೊದಲ ಯುದ್ಧದ ನಂತರ ಉಕ್ಕಿನ ಬೆಲೆ ಕುಸಿಯಿತು. 1924ರ ಹೊತ್ತಿಗೆ ಕಾರ್ಖಾನೆಯಲ್ಲಿ ಸಂಬಳ ಕೊಡಲೂ ದುಡ್ಡಿಲ್ಲದ ಪರಿಸ್ಥಿತಿ. ಆಗ ಅವರು ತಮ್ಮ ಸ್ವಂತ ಆಸ್ತಿಯನ್ನೆಲ್ಲ ಬ್ಯಾಂಕಿನಲ್ಲಿ ಒತ್ತೆಯಿಟ್ಟು ಸುಮಾರು ಒಂದು ಕೋಟಿ ರೂಪಾಯಿ ಸಾಲ ಎತ್ತಿದರು. ಹೆಂಡತಿಯ ಕೊರಳಿಗೆ ತಂದುಕೊಟ್ಟಿದ್ದ 245 ಕ್ಯಾರೆಟ್ಟಿನ ಜೂಬಿಲಿ ವಜ್ರವೂ ಅದರೊಳಗೇ ಹೋಯಿತು. ಮೆಹರ್‌ಬಾಯಿ ಬೇಡ ಅನ್ನಲಿಲ್ಲ. ಕಾರ್ಖಾನೆ ಉಳಿಯಿತು. ಅಂಗಡಿ ಉಳಿಸಿಕೊಳ್ಳಲು ಮನೆಯಾಕೆಯ ಬಳೆ ಅಡವಿಟ್ಟ ವ್ಯಾಪಾರಿಗಳಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ.

1931ರಲ್ಲಿ ಮೆಹರ್‌ಬಾಯಿ ರಕ್ತದ ಕ್ಯಾನ್ಸರಿಗೆ ಬಲಿಯಾದರು. ಮಕ್ಕಳಿರಲಿಲ್ಲ. ಒಂಟಿಯಾದ ದೊರಾಬ್ಜಿ ಪತ್ನಿಯ ಹೆಸರಲ್ಲಿ ಆ ರೋಗದ ಸಂಶೋಧನೆಗೆ ನಿಧಿ ಇಟ್ಟರು. 1932ರ ಮಾರ್ಚಿನಲ್ಲಿ ತಮ್ಮದೆನ್ನುವ ಸಮಸ್ತವನ್ನೂ ಒಂದು ಟ್ರಸ್ಟಿಗೆ ಬರೆದುಕೊಟ್ಟರು. ಆಮೇಲೆ ಪತ್ನಿಯ ಸಮಾಧಿ ನೋಡಿ ಬರೋಣವೆಂದು ಇಂಗ್ಲೆಂಡಿಗೆ ಹೊರಟವರು ದಾರಿಯಲ್ಲೇ, ಜರ್ಮನಿಯ ಬಾಡ್ ಕಿಸಿಂಗೆನ್ ಎಂಬಲ್ಲಿ ಜೂನ್ 3ರಂದು ಕಣ್ಣು ಮುಚ್ಚಿದರು. ಇಂಗ್ಲೆಂಡಿನ ಬ್ರೂಕ್‌ವುಡ್ ಸ್ಮಶಾನದಲ್ಲಿ ಗಂಡಹೆಂಡಿರು ಅಕ್ಕಪಕ್ಕದಲ್ಲೇ ಮಲಗಿದ್ದಾರೆ. ಆ ಟ್ರಸ್ಟಿನ ಹಣದಿಂದಲೇ 1941ರಲ್ಲಿ ಮುಂಬಯಿಯ ಟಾಟಾ ಕ್ಯಾನ್ಸರ್ ಆಸ್ಪತ್ರೆ ಬಾಗಿಲು ತೆರೆಯಿತು. ಕೊನೆಯ ಆಸೆಯೆಂದು ದೇಶದ ಮೂಲೆಮೂಲೆಯಿಂದ ರೋಗಿಗಳನ್ನು ಕರೆದೊಯ್ಯುವುದು ಅಲ್ಲಿಗೇ.

ಗಡಿಯಾರ ಹಿಡಿಯುವವರು ಬೇಕು

ಇಷ್ಟೆಲ್ಲ ಹಳೆಯ ಕಥೆ ಭಾಗಮಂಡಲಕ್ಕೆ ಯಾಕೆ ಅಂತ ಕೇಳಬಹುದು. ಕೈಲ್ ಮುಹೂರ್ತ ಬಂದರೆ ಕೊಡಗಿನ ಊರೂರ ಬಯಲಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವುದರ ಜೊತೆ ಓಟವೂ ಇರುತ್ತದೆ. ಮಳೆಗಾಲದಲ್ಲಿ ಕೆಸರುಗದ್ದೆ ಓಟ, ಶಾಲೆಗಳಲ್ಲಿ ಗುಡ್ಡಗಾಡು ಓಟ. ಏರು ಹತ್ತಿ ಶಾಲೆಗೆ ಬರುವ ಮಕ್ಕಳ ಮೀನಖಂಡ ನೋಡಿದರೆ ಸಾಕು, ಇಲ್ಲಿ ಓಟಗಾರರಿಗೆ ಬರವಿಲ್ಲ ಎಂದು ಯಾರೂ ಒಪ್ಪುತ್ತಾರೆ. ಮೊದಲು ಬಂದವನಿಗೆ ಒಂದು ತಟ್ಟೆಯೋ ಲೋಟವೋ ಕೊಡುತ್ತೇವೆ, ಚಪ್ಪಾಳೆ ಹೊಡೆಯುತ್ತೇವೆ, ಮನೆಗೆ ಹೋಗುತ್ತೇವೆ. ಎಷ್ಟು ದೂರವನ್ನು ಎಷ್ಟು ನಿಮಿಷಕ್ಕೆ ಓಡಿದ, ಹೋದ ವರ್ಷಕ್ಕಿಂತ ವಾಸಿಯೇ, ಬೇರೆ ಊರಿನವರ ಮುಂದೆ ಹೇಗೆ ಎಂಬುದನ್ನು ಬರೆದಿಡುವವರು ಎಷ್ಟು ಜನ?

ಚೌಗುಲೆ ಓಡುವುದನ್ನು ದೊರಾಬ್ಜಿಯಿಂದ ಕಲಿಯಲಿಲ್ಲ. ಓಟ ಅವನದೇ, ಕಾಲು ಅವನದೇ. ದೊರಾಬ್ಜಿ ಮಾಡಿದ್ದಿಷ್ಟೇ: ರೈತನ ಮಗನ ಓಟವನ್ನೂ ಗಡಿಯಾರ ಹಿಡಿದು ಅಳೆಯಲು ಯೋಗ್ಯವೆಂದು ತಿಳಿದರು, ಅಳತೆ ಸರಿ ಕಂಡ ಮೇಲೆ ಜೇಬಿಗೆ ಕೈ ಹಾಕಿದರು.

ಎಲ್ಲರೂ ಟಾಟಾ ಆಗಲಾರರು. ಒಂದು ಗಡಿಯಾರ, ಕಿಲೋಮೀಟರು ಗುರುತು ಹಾಕಿದ ಒಂದು ರಸ್ತೆ, ಹೆಸರು ಮತ್ತು ಹೊತ್ತು ಬರೆದಿಡಲು ಇನ್ನೂರು ಪುಟದ ಒಂದು ಪುಸ್ತಕ, ಚೆನ್ನಾಗಿ ಓಡಿದ ಒಂದು ಮಗುವಿನ ಬಸ್ ಚಾರ್ಜು, ಇಷ್ಟನ್ನು ಪೇಟೆಯ ನಾಲ್ಕು ಅಂಗಡಿಯವರು ಸೇರಿದರೆ ಹೊಂದಿಸಬಹುದು. ರಸ್ತೆ ಹೇಗೂ ಇದೆ. ತಲಕಾವೇರಿಯ ತನಕ ಎಂಟು ಕಿಲೋಮೀಟರು, ಏರು ಬೇರೆ. ಅದನ್ನು ಹತ್ತುವ ಕಾಲುಗಳೂ ಇವೆ.